ಅವ್ವನ ಫೋಟೊ, ಅಳಿಯನ ಕಪ್ಪು ಗಾಜು

ಮಳೆ ಒಂದೆರಡು ದಿನ ಬಿಡುವು ಕೊಟ್ಟು ಬಿಸಿಲು ಚುರುಕಾಯಿತೆಂದರೆ ಹುಣಸೂರಿನ ನಮ್ಮ ಮನೆಯ ತಾರಸಿಗೆ ಎರಡು ಬಗೆಯ ಸಾಮಾನು ಒಣಗಲು ಬರುತ್ತವೆ. ಒಂದು, ಡಬ್ಬದಲ್ಲಿ ಬೂಷ್ಟು ಹಿಡಿಯಲು ಶುರುವಾದ ಒಣಮೆಣಸಿನಕಾಯಿ. ಅದು ನನ್ನದು. ಇನ್ನೊಂದು, ಹಳೆಯ ಪಂಚೆಯ ತುಂಡಿನ ಮೇಲೆ ಸಾಲಾಗಿ ಇಟ್ಟ ದುಂಡಗಿನ ಕಪ್ಪು ಗಾಜುಗಳು. ಅವು ನಮ್ಮೆಜಮಾನರವು, ಮಳೆಗಾಲದಲ್ಲಿ ಅವಕ್ಕೂ ಬೂಷ್ಟು ಹಿಡಿಯುತ್ತದಂತೆ. ಮೆಣಸಿನಕಾಯಿ ಘಾಟು ಗಾಜಿಗೆ ತಾಗಬಾರದು ಅಂತ ಅವರು ನಡುವೆ ಎರಡು ಮಾರು ಜಾಗ ಬಿಡಿಸಿರುತ್ತಾರೆ. ಕಾಗೆ ಕಾಯುವ ಕೆಲಸ ಮಾತ್ರ ಎರಡಕ್ಕೂ ಸೇರಿಸಿ ನನಗೇ.

ಇವತ್ತು ಬೆಳಿಗ್ಗೆ ಪಕ್ಕದ ಮನೆಗೆ ಹೊಸದಾಗಿ ಬಂದಿರುವ ಸೊಸೆ ತನ್ನ ತಾರಸಿಯಿಂದ ಬಗ್ಗಿ ನೋಡಿ, "ಏನಾಂಟಿ ಅದು, ಕರೀ ಹಪ್ಪಳನಾ?" ಅಂದಳು. ಅವಳದೇನೂ ತಪ್ಪಿಲ್ಲ, ದೂರದಿಂದ ಹಾಗೇ ಕಾಣುತ್ತವೆ. "ಇಲ್ಲ ಕಣಮ್ಮ, ಇದು ನಮ್ಮನೆಯವರು ಬಿಸಿಲಿಗೆ ಹಾಕೋ ಕೂಲಿಂಗ್ ಗ್ಲಾಸು," ಅಂದೆ. ಅವಳು ನಕ್ಕು ಒಳಗೆ ಹೋದಳು. ನಾನು ಮೆಣಸಿನಕಾಯಿ ಕೆದರುತ್ತಾ ಕೂತೆ. ಎಲ್ಲಕ್ಕಿಂತ ಕಪ್ಪಾದ ಒಂದು ಗಾಜು ಸಾಲಿನ ಕೊನೆಯಲ್ಲಿತ್ತು. ಅದನ್ನು ನೋಡಿದರೆ ನನಗೆ ನಮ್ಮವ್ವನ ನೆನಪು ಬರುತ್ತದೆ. ಫೋಟೊ ಅಂದರೆ ಮಾರು ದೂರ ಓಡುತ್ತಿದ್ದ ಅವ್ವನಿಗೂ ಈ ಗಾಜಿಗೂ ಏನು ನಂಟು ಅಂತ ನಿಮಗೆ ಅನ್ನಿಸಬಹುದು. ಹೇಳುತ್ತೇನೆ, ಹೇಗೂ ಬಿಸಿಲು ಇಳಿಯುವವರೆಗೆ ನಾನು ಇಲ್ಲೇ ಕೂತಿರಬೇಕು.

ಮೊದಲು ಈ ಗಾಜಿನ ಪುರಾಣ. ನಮ್ಮವರು ಪೇಟೆಯಲ್ಲಿ ಸ್ಟುಡಿಯೋ ಇಟ್ಟವರು. ನಾನು ಕೌಂಟರಿನಲ್ಲಿ ಕೂತು ಪಾಸ್‌ಪೋರ್ಟ್ ಫೋಟೊ ಕತ್ತರಿಸುತ್ತಾ, ಅವರು ಹೇಳಿದ್ದನ್ನೆಲ್ಲ ಕೇಳಿ ಕೇಳಿ ಅರ್ಧ ಫೋಟೊಗ್ರಾಫರ್ ಆದವಳು. ಕ್ಯಾಮೆರಾದ ಲೆನ್ಸಿಗೂ ನಮ್ಮ ಹಾಗೆ ಕಣ್ಣಿನ ಪಾಪೆ ಇದೆ. ಅದನ್ನು ಅಗಲ ಮಾಡಿದರೆ ಹಿಂದಿನ ಬೇಲಿ, ನಲ್ಲಿ, ಒಣಗಲು ಹಾಕಿದ ಲುಂಗಿ ಎಲ್ಲ ಬೆಣ್ಣೆ ಕರಗಿದ ಹಾಗೆ ಕರಗಿ ಮುಖ ಒಂದೇ ಎದ್ದು ಬರುತ್ತದೆ. ಈಗಿನವರಿಗೆ ಅದೇ ಬೇಕು. ಆದರೆ ಬಿಸಿಲಲ್ಲಿ ಅಷ್ಟು ಅಗಲ ಮಾಡಿದರೆ ಬೆಳಕು ನುಗ್ಗಿ ಫೋಟೊ ಬೆಳ್ಳಗೆ ಸುಟ್ಟುಹೋಗುತ್ತದೆ. ಬೆಳಕಿಗೆ ಬಾಗಿಲಿನಂತೆ ತೆರೆದು ಮುಚ್ಚುವ ಶಟರನ್ನು ಎಷ್ಟು ಜೋರು ಮಾಡಿದರೂ ಒಂದು ಮಿತಿ ಇದೆ. ಅದಕ್ಕೆ ಲೆನ್ಸಿನ ಮುಂದೆ ಈ ಕಪ್ಪು ಗಾಜನ್ನು ತಿರುಗಿಸಿ ಕೂರಿಸುತ್ತಾರೆ. ಬೆಳಕು ಕಡಿಮೆಯಾಗಬೇಕು, ಬಣ್ಣ ಬದಲಾಗಬಾರದು. ಅಷ್ಟೇ ಅದರ ಕೆಲಸ. ಒಂದು ಸ್ಟಾಪು ಅಂದರೆ ಬೆಳಕು ಅರ್ಧ, ಎರಡು ಸ್ಟಾಪು ಅಂದರೆ ಆ ಅರ್ಧದಲ್ಲಿ ಅರ್ಧ. ನಾನು ಇದನ್ನು ರಾಗಿಮುದ್ದೆ ಲೆಕ್ಕದಲ್ಲಿ ಅರ್ಥ ಮಾಡಿಕೊಂಡೆ. ಮೂರು ಸಲ ಮುರಿದರೂ ಒಂದು ತುತ್ತು ಉಳಿಯುತ್ತದೆ, ಹತ್ತು ಸಲ ಮುರಿದರೆ ಇರುವೆಗೂ ಸಾಲದು.

ಅಷ್ಟಕ್ಕೂ ಬಿಸಿಲಲ್ಲೇ ಯಾಕೆ ಫೋಟೊ ತೆಗೆಯಬೇಕು, ಸಂಜೆಯ ಹೊಂಬಿಸಿಲು ಇಲ್ಲವೇ ಅಂತ ಕೇಳಿದರೆ ನೀವು ನಮ್ಮ ಕಡೆಯವರಲ್ಲ ಅಂತ ಗೊತ್ತಾಗುತ್ತದೆ. ಜನರಿಗೆ ಬಿಡುವು ಇರುವುದು ಭಾನುವಾರ. ಭಾನುವಾರದ ರಾಹುಕಾಲ ಬರುವುದು ಸರಿಯಾಗಿ ಸಂಜೆ ನಾಲ್ಕೂವರೆಯಿಂದ ಆರರವರೆಗೆ. ಫೋಟೊದವರು ಪ್ರಾಣ ಬಿಡುವ ಬೆಳಕೆಲ್ಲ ಆ ಒಂದೂವರೆ ಗಂಟೆಯೊಳಗೆ ಬಂದು ಹೋಗುತ್ತದೆ. ಮದುವೆ ಗೊತ್ತಾದ ಹುಡುಗ ಹುಡುಗಿಯನ್ನು ಆ ಹೊತ್ತಿನಲ್ಲಿ ಜೊತೆಗೆ ನಿಲ್ಲಿಸಿ ಫೋಟೊ ತೆಗೆಯಲು ಯಾವ ತಾಯಿಯೂ ಒಪ್ಪುವುದಿಲ್ಲ. ಸೋಮವಾರ ಬೆಳಿಗ್ಗೆ ಬನ್ನಿ ಅಂದರೆ ಏಳೂವರೆಯಿಂದ ಒಂಬತ್ತು, ಅದೂ ರಾಹುಕಾಲ. "ಸೂರ್ಯನಿಗೂ ರಾಹುವಿಗೂ ಇರೋ ಜಗಳ ನನ್ ತಲೆ ಮೇಲೆ ಬಂದು ಕೂತದೆ ಕಣೆ," ಅಂತ ನಮ್ಮವರು ಎಷ್ಟೋ ಭಾನುವಾರ ಗೊಣಗಿದ್ದಾರೆ. ಗೊಣಗಿಕೊಂಡೇ ನಡುಮಧ್ಯಾಹ್ನ ಹೊರಟಿದ್ದಾರೆ, ಹಿಂದೆ ಕೊಡೆ ಹಿಡಿದುಕೊಂಡು ನಾನು.

ಹೀಗೆ ಶುರುವಾದ ಗಾಜಿನ ಹುಚ್ಚು ಸುಮ್ಮನೆ ನಿಲ್ಲಲಿಲ್ಲ. ಮೊದಲು ತಂದದ್ದು ಒಂದು ಅಗ್ಗದ ಗಾಜು. ಅದನ್ನು ಹಾಕಿ ಕೆ.ಆರ್. ನಗರದ ಕಡೆ ಗದ್ದೆ ಬದುವಿನ ಮೇಲೆ ಒಬ್ಬ ಮದುಮಗಳ ಫೋಟೊ ತೆಗೆದರು. ಎಣ್ಣೆಗೆಂಪು ಬಣ್ಣದ ಲಕ್ಷಣವಾದ ಹುಡುಗಿ. ಫೋಟೊದಲ್ಲಿ ಅವಳ ಮುಖ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು, ಹಸಿರು ಭತ್ತ ಒಣಹುಲ್ಲಾಗಿತ್ತು. ಹುಡುಗಿಯ ಅಜ್ಜಿ ಫೋಟೊವನ್ನು ಹತ್ತಿರ ದೂರ ಹಿಡಿದು ನೋಡಿ, "ನಮ್ ಕೂಸಿಗೆ ಕಾಮಾಲೆ ಬಂದಿತ್ತೇನಪ್ಪ ಅವತ್ತು?" ಅಂತ ಕೇಳಿದರು. ಆಮೇಲೆ ಉಂಗುರ ತಿರುಗಿಸಿದರೆ ಕಪ್ಪು ಹೆಚ್ಚು ಕಡಿಮೆ ಆಗುವ ಒಂದು ಗಾಜು ಬಂತು. ಒಂದೇ ಗಾಜಿನಲ್ಲಿ ಎಲ್ಲ ಮುಗಿಯುತ್ತದೆ ಅಂತ ಕುಣಿದಾಡಿದರು. ಎಚ್.ಡಿ. ಕೋಟೆ ಕಡೆ ಕಬಿನಿ ಹಿನ್ನೀರಿನ ಹತ್ತಿರ ಅದನ್ನು ಆಸೆಗೆ ಸ್ವಲ್ಪ ಹೆಚ್ಚೇ ತಿರುಗಿಸಿಬಿಟ್ಟರು. ಆಕಾಶದ ತುಂಬ ಕತ್ತರಿ ಬಿಚ್ಚಿಟ್ಟ ಹಾಗೆ ಅಡ್ಡಡ್ಡ ಕರಿ ನೆರಳು ಬಂತು, ಆ ಕತ್ತರಿಯ ಒಂದು ಅಲಗು ಸರಿಯಾಗಿ ಗಂಡಿನ ಹಣೆಯ ಮೇಲೆ. ಗಂಡಿನ ಕಡೆಯವರು ಅದನ್ನು ದೃಷ್ಟಿ ಅಂದುಕೊಂಡು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರಂತೆ. ಗಾಜಿನ ತಪ್ಪು ಅಂತ ಇವರೂ ಹೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ.

ಈಗ ಅವ್ವನ ವಿಚಾರಕ್ಕೆ ಬರುತ್ತೇನೆ.

ನನ್ನ ತವರು ಪಿರಿಯಾಪಟ್ಟಣದ ಪಕ್ಕದ ಒಂದು ಹಳ್ಳಿ. ಹೊಗೆಸೊಪ್ಪು ಬೆಳೆಯುವ ಊರು. ಬೆಳಿಗ್ಗೆ ಹೊಲದಲ್ಲಿ ಎಲೆ ಮುರಿದು ತರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಹೆಂಗಸರು ಚಪ್ಪರದ ಕೆಳಗೆ ಕೂತು ಎರಡು ಮೂರು ಎಲೆ ಜೋಡಿಸಿ, ಉದ್ದದ ಕಡ್ಡಿಯ ಈ ಕಡೆಗೊಂದು ಆ ಕಡೆಗೊಂದು ಹುರಿಯಿಂದ ಕಟ್ಟುತ್ತಾ ಹೋಗುತ್ತಾರೆ. ಸಂಜೆಗೆ ಆ ಕಡ್ಡಿಗಳನ್ನೆಲ್ಲ ಬ್ಯಾರನ್ನಿನ ಒಳಗೆ ಅಟ್ಟಅಟ್ಟವಾಗಿ ಏರಿಸಿ ಬೆಂಕಿ ಹಾಕುತ್ತಾರೆ. ಬ್ಯಾರನ್ ಅಂದರೆ ಸೊಪ್ಪು ಬೇಯಿಸುವ ಎತ್ತರದ ಕೋಣೆ. ಸೊಪ್ಪು ಕಟ್ಟುವುದರಲ್ಲಿ ನಮ್ಮವ್ವನ ಕೈಗೆ ಸಾಟಿಯಾದವರು ಆ ಊರಲ್ಲಿ ಇರಲಿಲ್ಲ. ಅವಳು ಕೈಯ ಕಡೆ ನೋಡುತ್ತಲೇ ಇರಲಿಲ್ಲ. ಎದುರಿಗೆ ಕೂತವರ ಜೊತೆ ಊರಿನ ಸುದ್ದಿ ಮಾತಾಡುತ್ತಾ ಇರುವಳು, ಕೈ ಅದರ ಪಾಡಿಗೆ ಅದು ಕಟ್ಟುತ್ತಿರುವುದು. ಅವಳ ಜೋಡಿ ಪುಟ್ಟತಾಯಮ್ಮ, "ನಿಂಗಮ್ಮನ್ ಬಾಯಿ ನಿಂತ್ರೂ ಕೈ ನಿಲ್ಲಕಿಲ್ಲ," ಅನ್ನುತ್ತಿದ್ದಳು. ಅವ್ವನಿಗೆ ಅದಕ್ಕಿಂತ ದೊಡ್ಡ ಬಿರುದು ಬೇಕಾಗಿರಲಿಲ್ಲ.

ಅರವತ್ತು ದಾಟಿದ ಮೇಲೆ ಆ ಕೈಗೆ ನಡುಕ ಬಂತು. ಮೊದಲು ಎಡಗೈ, ಆಮೇಲೆ ಬಲಗೈ. ಮೈಸೂರಿಗೆ ಕರೆದುಕೊಂಡು ಹೋಗಿ ತೋರಿಸಿದೆವು, ಮಾತ್ರೆ ತಂದೆವು, ಸ್ವಲ್ಪ ಹತೋಟಿಗೆ ಬಂತು, ಹೋಗಲಿಲ್ಲ. ಒಂದು ವರ್ಷ ಅವಳು ಕಟ್ಟಿದ ಕಡ್ಡಿಗಳಿಂದ ಎಲೆ ಸಡಿಲವಾಗಿ ಬ್ಯಾರನ್ನಿನೊಳಗೆ ಬಿತ್ತು. ಕೆಳಗೆ ಕಾದ ಕೊಳವೆ ಇರುತ್ತದೆ, ಒಣಗಿದ ಎಲೆ ಅದರ ಮೇಲೆ ಬಿದ್ದರೆ ಇಡೀ ಬ್ಯಾರನ್ ಹತ್ತಿಕೊಂಡು ಉರಿಯಬಹುದು. ಅವತ್ತು ಹೊಗೆಯ ವಾಸನೆ ಬೇರೆ ಥರ ಬಂದದ್ದರಿಂದ ನನ್ನ ತಮ್ಮ ಮಾದೇವ ಓಡಿ ಹೋಗಿ ನೋಡಿ ಉಳಿಸಿದ. ಮಾರನೆಯ ದಿನ ಅವ್ವನಿಗೆ ಹೇಳಿದ, "ನೀನು ಕಟ್ಟಿದ್ದು ಸಾಕು ಬುಡವ್ವ. ಸುಮ್ಗೆ ಮನೇಲಿ ಕೂತ್ಕ." ಅವನು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಇವತ್ತಿಗೂ ಆಗುವುದಿಲ್ಲ. ಅವ್ವ ಎದುರಾಡಲಿಲ್ಲ. ಆದರೆ ಅವತ್ತಿನಿಂದ ಅವಳ ಕೈಗಳನ್ನು ಯಾರೂ ನೋಡಲಿಲ್ಲ. ಯಾರಾದರೂ ಬಂದರೆ ಸೆರಗಿನೊಳಗೆ ಹೋಗಿಬಿಡುತ್ತಿದ್ದವು. ನಾನು ಹೋದರೂ ಅಷ್ಟೇ. ಹೆತ್ತ ಮಗಳ ಹತ್ತಿರವೂ ಕೈ ಬಚ್ಚಿಡುತ್ತಾಳಲ್ಲ ಅಂತ ನನಗೆ ಬಹಳ ಸಂಕಟವಾಗುತ್ತಿತ್ತು.

ಒಂದು ಸಲ ಹೋದಾಗ ಅವಳೇ ಫೋಟೊ ಮಾತು ತೆಗೆದಳು. ಊರಿನಲ್ಲಿ ಯಾರೋ ತೀರಿಕೊಂಡು, ತಿಥಿಗೆ ಗೋಡೆಗೆ ಹಾಕಲು ಬೇರೆ ಫೋಟೊ ಸಿಗದೆ ವೋಟರ್ ಕಾರ್ಡಿನದನ್ನೇ ದೊಡ್ಡದು ಮಾಡಿಸಿದ್ದರು. ಅದು ನಮ್ಮ ಸ್ಟುಡಿಯೋದಲ್ಲೇ ಆದ ಕೆಲಸ. ವಾರಕ್ಕೊಂದು ಅಂಥದ್ದು ಬರುತ್ತದೆ.

"ನಂದೂ ಅಂಗೇ ಮಾಡ್ತೀರ ನೀವು," ಅಂದಳು ಅವ್ವ. "ಆ ಕಾರ್ಡ್‌ನಲ್ಲಿ ಕೋಳಿ ಕದ್ದೋಳಂಗೆ ಕೂತಿವ್ನಿ. ಅದ್ನ ಗೋಡೆಗಾಕುದ್ರೆ ನಾನು ದಿನಾ ಎದ್ ಬಂದು ನಿಮ್ಮುನ್ನ ಬಯ್ತೀನಿ. ಬದುಕಿರೋವಾಗ್ಲೇ ಒಂದು ತೆಗ್ಸಿಡು."

"ಸ್ಟುಡಿಯೋಗೆ ಬಾ ಅವ್ವ, ಚೆನ್ನಾಗಿ ತೆಗೀತಾರೆ."

"ಅಲ್ಲಿ ಬ್ಯಾಡ. ಬ್ಯಾರನ್ ಮುಂದೆ ತೆಗೀಲಿ. ಕೈ ಕಾಣ್ದಂಗೆ."

ಬ್ಯಾರನ್ ಮುಂದೆ, ಆದರೆ ಕೈ ಕಾಣಬಾರದು. ನಾನು ಹೂಂ ಅಂದೆ. ಮನಸ್ಸಿನಲ್ಲಿ ಮಾತ್ರ ಕೈ ಇಲ್ಲದೆ ನಮ್ಮವ್ವನ ಫೋಟೊ ಎಂಥದ್ದು ಅಂದುಕೊಂಡೆ. ಆಷಾಢದಲ್ಲಿ ಬೇಡ ಅಂದಳು, ಶ್ರಾವಣಕ್ಕೆ ಕಾದೆವು. ಭಾನುವಾರ ಸಂಜೆ ರಾಹುಕಾಲ ಅಂದಳು. ಹಾಗಾಗಿ ಉಳಿದದ್ದು ಎಂದಿನಂತೆ ನಡುಮಧ್ಯಾಹ್ನ, ಹೆಂಗಸರು ಸೊಪ್ಪು ಕಟ್ಟುವ ಹೊತ್ತು.

ಅತ್ತೆಯ ಫೋಟೊ ಅಂದದ್ದೇ ನಮ್ಮವರಿಗೆ ಪೌರುಷ ಉಕ್ಕಿತು. ಇಟ್ಟಿಗೆ ಬಣ್ಣದ ಗಾಜು ಬೇಡ, ಕತ್ತರಿ ನೆರಳಿನದ್ದೂ ಬೇಡ, ಒಳ್ಳೆಯ ಕಂಪನಿಯ ಮೂರು ಸ್ಟಾಪಿನ ಗಾಜೇ ಆಗಬೇಕು ಅಂತ ಒಂದು ವಾರ ಮೊಬೈಲಿನಲ್ಲಿ ಹುಡುಕಿದರು. ಊಟಕ್ಕೆ ಕೂತರೆ ಅದೇ ಮಾತು. ಈ ಗಾಜುಗಳ ಹೆಸರಿನ ಗೋಜಲು ಒಂದಿಷ್ಟಲ್ಲ. ಒಂದೇ ಗಾಜಿನ ಮೇಲೆ ಒಂದು ಕಂಪನಿಯವರು ಎಂಟು ಅಂತ ಬರೆಯುತ್ತಾರೆ, ಇನ್ನೊಂದು ಕಂಪನಿಯವರು ಸೊನ್ನೆ ಪಾಯಿಂಟ್ ಒಂಬತ್ತು ಅಂತ ಬರೆಯುತ್ತಾರೆ, ಫೋಟೊದವರು ಅದನ್ನೇ ಮೂರು ಸ್ಟಾಪು ಅನ್ನುತ್ತಾರೆ. ನಮ್ಮವರು ಹುಡುಕಿ ಹುಡುಕಿ ಕೊನೆಗೆ ಮೂರು ಪಾಯಿಂಟ್ ಸೊನ್ನೆ ಅಂತ ಬರೆದದ್ದನ್ನು ಕಂಡು, ಇದೇ ಮೂರು ಅಂತ ಖುಷಿಯಿಂದ ತರಿಸಿಕೊಂಡರು. ಪಾರ್ಸೆಲ್ಲು ಬಂದದ್ದು ಶನಿವಾರ ಸಂಜೆ. ಪೂಜೆ ಮಾಡಿ, ಅರಿಶಿನ ಕುಂಕುಮ ಗಾಜಿಗೆ ತಾಗದ ಹಾಗೆ ಡಬ್ಬಿಗೆ ಹಚ್ಚಿ, ಹಾಗೇ ಮುಚ್ಚಿಟ್ಟರು. ಹಾಕಿ ನೋಡಲಿಲ್ಲ.

ಭಾನುವಾರ ಬಿಸಿಲು ಕಣ್ಣು ಬಿಡಲಾರದಷ್ಟಿತ್ತು. ಚಪ್ಪರದ ಕೆಳಗೆ ಪುಟ್ಟತಾಯಮ್ಮ ಮತ್ತು ನಾಲ್ಕಾರು ಹೆಂಗಸರು ಕಟ್ಟುತ್ತಾ ಕೂತಿದ್ದರು. ಮಾದೇವ ಎಲೆ ತರಲು ಟ್ರ್ಯಾಕ್ಟರ್ ತೆಗೆದುಕೊಂಡು ಹೋಗಿದ್ದ. ಚಪ್ಪರದ ಅಂಚಿಗೆ ಒಂದು ಮರದ ದಿಮ್ಮಿ ಎಳೆದು ಅವ್ವನನ್ನು ಕೂರಿಸಿದೆವು. ಬೆನ್ನ ಹಿಂದೆ ಬ್ಯಾರನ್ನಿನ ಮಣ್ಣುಗೋಡೆ, ಕಾಲ ಬಳಿ ಸೊಪ್ಪಿನ ರಾಶಿ. ಹಸಿರು ಅಂಚಿನ ಸೀರೆ, ಹಣೆಗೆ ವಿಭೂತಿ, ಕೈ ಸೆರಗಿನೊಳಗೆ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ನಮ್ಮ ಮನೆಯಲ್ಲಿ ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡುವುದಿಲ್ಲ. ಬಾಗಿಲ ಹಿಂದೆ ನಿಂತು ಮಗಳ ಕೈಲಿ ಹೇಳಿಸುತ್ತಾಳೆ. ಮದುವೆಯಾಗಿ ಇಷ್ಟು ವರ್ಷವಾದರೂ ನಮ್ಮವರು ಅವ್ವನ ಮುಖವನ್ನು ನೆಟ್ಟಗೆ ನೋಡಿದ್ದು ಕಡಿಮೆ. ಈಗ ಅದೇ ಅಳಿಯ ಒಂದು ಕಣ್ಣು ಮುಚ್ಚಿಕೊಂಡು, ಇನ್ನೊಂದು ಕಣ್ಣನ್ನು ಯಂತ್ರಕ್ಕೆ ಒತ್ತಿ ತನ್ನನ್ನೇ ನೋಡುತ್ತಿದ್ದರೆ ಅವಳು ಕಲ್ಲಾಗದೆ ಏನು ಮಾಡಿಯಾಳು. ಗದ್ದ ಎದೆಗೆ ಅಂಟಿತ್ತು, ಕಣ್ಣು ನೆಲದಲ್ಲಿತ್ತು.

"ನಿಮ್ಮವ್ವನಿಗೆ ಹೇಳು, ಮುಖ ಸ್ವಲ್ಪ ಮೇಲೆತ್ತಲಿ ಅಂತ," ಅಂದರು ಇವರು.

"ಮುಖ ಎತ್ತಬೇಕಂತೆ ಕಣವ್ವ."

"ಎತ್ತಿವ್ನಿ ಅಂತ ಏಳು."

"ಎತ್ತಿದಾಳಂತೆ."

"ಎಲ್ಲಿ ಎತ್ತವ್ರೆ?"

ಹೀಗೆ ಮೂರು ಮಾರು ದೂರದಲ್ಲಿದ್ದ ಇಬ್ಬರ ನಡುವೆ ನಾನು ಅಂಚೆ ಹಂಚಿದೆ. ಚಪ್ಪರದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಅಂತೂ ಮೂರುಕಾಲಿನ ಸ್ಟ್ಯಾಂಡಿಗೆ ಕ್ಯಾಮೆರಾ ಬಿಗಿದು, ಅವ್ವನ ಮುಖಕ್ಕೆ ಗುರಿ ಹೊಂದಿಸಿಕೊಂಡು, ಡಬ್ಬಿಯಿಂದ ಹೊಸ ಗಾಜನ್ನು ತೆಗೆದು ಲೆನ್ಸಿಗೆ ತಿರುಗಿಸಿದರು. ಕಣ್ಣಿಟ್ಟು ನೋಡಿದರು. ಕಣ್ಣುಜ್ಜಿಕೊಂಡು ಮತ್ತೆ ನೋಡಿದರು.

"ಲೇ, ಕರೆಂಟ್ ಹೋದಂಗಾಯ್ತಲ್ಲೇ."

ನಾನು ಹೋಗಿ ನೋಡಿದೆ. ಕಗ್ಗತ್ತಲು. ಬೆನ್ನಿಗೆ ಬಿಸಿಲು ಬಿದ್ದದ್ದರಿಂದ ಹಾಗಾಗಿರಬೇಕು ಅಂತ ನಾನು ಅವ್ವನಿಗೆ ಬೆನ್ನು ಮಾಡಿ, ಕೊಡೆಯನ್ನು ಇವರ ತಲೆಯ ಮೇಲೆ ಹಿಡಿದೆ. ಆಗಲೂ ಅಷ್ಟೇ. ಇವರ ಮುಖ ಬಿಳಿಚಿಕೊಂಡಿತು. ಇವರ ತಂದೆಗೆ ಕಣ್ಣಿಗೆ ಪೊರೆ ಬಂದಿತ್ತು.

"ನಂಗೂ ಪೊರೆ ಬಂತು ಕಣೆ," ಅಂದರು. "ನಂಗೆ ಏನೂ ಕಾಣಿಸ್ತಾ ಇಲ್ಲ."

ಹಿಂದಿನಿಂದ ಅವ್ವ ಕೇಳಿದಳು, "ಏನಂತೆ?"

"ಏನೂ ಕಾಣಿಸ್ತಿಲ್ವಂತೆ ಕಣವ್ವ."

"ನಾನೂ ಕಾಣಕಿಲ್ವಂತಾ?"

"ನೀನೂ ಕಾಣ್ಸಲ್ವಂತೆ."

"ಸದ್ಯ," ಅಂದಳು ಅವ್ವ.

ನಾನು ತಿರುಗಿ ನೋಡಲಿಲ್ಲ. ಇವರ ಕಣ್ಣಿನ ಚಿಂತೆ ನನಗೆ. ಇವರು ಬೆವರು ಒರೆಸಿಕೊಂಡು, ಬಂದದ್ದು ಬರಲಿ ಅಂತ ಅದನ್ನು ಇದನ್ನು ತಿರುಗಿಸಿ ನಾಲ್ಕೈದು ಸಲ ಒತ್ತಿದರು. ಪ್ರತಿ ಸಲವೂ ಶಟರ್ ತೆರೆದು, ಆಮೇಲೆ ನಿಧಾನವಾಗಿ ಮುಚ್ಚಿದ ಸದ್ದು ಕೇಳಿತು, ಮುಪ್ಪಿನವರು ಬಾಗಿಲು ಹಾಕಿದ ಹಾಗೆ. ಆ ಬಿಸಿಲಿಗೆ ಪರದೆಯ ಮೇಲೂ ಏನೂ ಕಾಣಲಿಲ್ಲ. ಊಟ ಮಾಡಿ ಹೊರಟೆವು. ದಾರಿಯುದ್ದಕ್ಕೂ ಇವರು ಒಂದೊಂದೇ ಕಣ್ಣು ಮುಚ್ಚಿ ಅಂಗಡಿ ಬೋರ್ಡುಗಳನ್ನು ಓದುತ್ತಾ ಗಾಡಿ ಓಡಿಸಿದರು. ಎಲ್ಲವೂ ಸರಿಯಾಗಿ ಓದಲು ಬರುತ್ತಿದ್ದದ್ದರಿಂದ ಅವರಿಗೆ ಇನ್ನಷ್ಟು ಗಾಬರಿಯಾಯಿತು.

ರಾತ್ರಿಯೊಳಗೆ ಗುಟ್ಟು ರಟ್ಟಾಯಿತು. ಮೈಸೂರಿನ ಗೆಳೆಯನೊಬ್ಬನಿಗೆ ಫೋನ್ ಮಾಡಿದರೆ ಅವನು ಐದು ನಿಮಿಷ ನಕ್ಕನಂತೆ. ಮೂರು ಪಾಯಿಂಟ್ ಸೊನ್ನೆ ಅಂದರೆ ಮೂರು ಸ್ಟಾಪು ಅಲ್ಲವಂತೆ, ಹತ್ತು ಸ್ಟಾಪಂತೆ. ಬಂದ ಬೆಳಕಿನಲ್ಲಿ ಸಾವಿರದಲ್ಲಿ ಒಂದು ಪಾಲು ಮಾತ್ರ ಒಳಗೆ ಬಿಡುತ್ತದಂತೆ. ಜಲಪಾತದ ನೀರನ್ನು ಹಾಲಿನ ಹಾಗೆ ಮಾಡಲು, ಜಾತ್ರೆಯಂಥ ಬೀದಿಯಿಂದ ಜನರನ್ನು ಮಾಯ ಮಾಡಲು ಅದನ್ನು ಹಾಕುತ್ತಾರಂತೆ. ಮನುಷ್ಯರ ಮುಖಕ್ಕೆ ಯಾರೂ ಹಾಕುವುದಿಲ್ಲವಂತೆ. ಇವರಿಗೆ ಕಣ್ಣು ಉಳಿಯಿತಲ್ಲ ಅಂತ ಒಂದು ಕಡೆ ಸಮಾಧಾನ, ಮರ್ಯಾದೆ ಹೋಯಿತಲ್ಲ ಅಂತ ಇನ್ನೊಂದು ಕಡೆ ಸಂಕಟ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಕಂಪ್ಯೂಟರಿನಲ್ಲಿ ಫೋಟೊ ತೆರೆದರು, ನನ್ನ ನಗು ನಿಂತಿತು.

ಅವ್ವ ಮುಖ ಎತ್ತಿದ್ದಳು. ಅಳಿಯನಿಗೆ ಏನೂ ಕಾಣುವುದಿಲ್ಲ ಅಂದಮೇಲೆ ಕ್ಯಾಮೆರಾಕ್ಕೂ ಕಾಣುವುದಿಲ್ಲ ಅಂದುಕೊಂಡಿದ್ದಳು ಪುಣ್ಯಾತ್ಗಿತ್ತಿ. ಕೈ ಸೆರಗಿನಿಂದ ಆಚೆ ಬಂದಿತ್ತು. ಸುಮ್ಮನೆ ಕೂರಲು ಬೇಜಾರಾಗಿ ಪಕ್ಕದ ರಾಶಿಯಿಂದ ಎಲೆ ಎತ್ತಿಕೊಂಡು, ಒಂದು ಕಡ್ಡಿ ತೊಡೆಗೆ ಅಡ್ಡ ಇಟ್ಟುಕೊಂಡು, ಕಟ್ಟಲು ಶುರು ಮಾಡಿದ್ದಳು. ಪುಟ್ಟತಾಯಮ್ಮ ನೋಡಿಯೂ ಸುಮ್ಮನಿದ್ದಳಂತೆ, ಮಾದೇವ ಇಲ್ಲವಲ್ಲ ಅಂತ. ಶಟರ್ ಅರ್ಧ ಸೆಕೆಂಡು ತೆರೆದೇ ಇದ್ದದ್ದರಿಂದ ಹಿಂದೆ ಓಡಾಡಿದವರೆಲ್ಲ ಹೊಗೆಯಾಗಿ ಅಳಿಸಿಹೋಗಿದ್ದರು. ಅವ್ವನ ಮುಖ ಮಾತ್ರ ಅಲ್ಲಾಡದೆ, ಒಂದೊಂದು ಸುಕ್ಕೂ ಕಾಣುವ ಹಾಗೆ ಇತ್ತು. ಎಲ್ಲೋ ದೂರ ನೋಡುತ್ತಿದ್ದಳು. ನಾನು ಚಿಕ್ಕವಳಿದ್ದಾಗ ಕಂಡ ಮುಖ ಅದು. ತೊಡೆಯ ಮೇಲೆ ಕೈ ಇರಬೇಕಾದ ಕಡೆ ಕೈ ಇರಲಿಲ್ಲ. ಮೊಸರು ಕಡೆಯುವಾಗ ಕಡೆಗೋಲು ಕಾಣುತ್ತದಲ್ಲ, ಅಷ್ಟೇ ಕಾಣುತ್ತಿತ್ತು. ಅದರಲ್ಲಿ ಎಷ್ಟು ನಡುಕ, ಎಷ್ಟು ಕೆಲಸ ಅಂತ ಬಿಡಿಸಿ ಹೇಳಲು ಯಾರಿಂದಲೂ ಆಗುತ್ತಿರಲಿಲ್ಲ. ನನಗೆ ಅಳು ಬಂತು. ಇವರು ನನ್ನ ಕಡೆ ನೋಡಿ, "ಅಳಬೇಡ, ಹಾಳಾಗಿರೋದು ನಂಗೂ ಗೊತ್ತು, ಮುಂದಿನ್ ವಾರ ಸರಿಯಾಗಿ ತೆಗೀತೀನಿ," ಅಂದರು.

ಮುಂದಿನ ಭಾನುವಾರ ಸರಿಯಾದ ಗಾಜು ತಂದು ಸರಿಯಾಗಿಯೇ ತೆಗೆದರು. ಅದಕ್ಕೆ ಮೈಸೂರಿನ ಗೆಳೆಯ ಕೂಡ ತಲೆದೂಗಿದ. ಬ್ಯಾರನ್ನಿನ ಗೋಡೆ ನಯವಾಗಿ ಕರಗಿದೆ, ಬಿಸಿಲು ಬೆಳದಿಂಗಳಿನಷ್ಟು ಮೆತ್ತಗಾಗಿದೆ, ಚರ್ಮದ ಬಣ್ಣ ಇದ್ದ ಹಾಗೇ ಇದೆ. ಅವತ್ತು ಮಾದೇವ ಅಲ್ಲೇ ನಿಂತಿದ್ದ. "ಕೈ ಆಚೆಗ್ ಮಡಿಕಳವ್ವ, ಕೈಯಿಲ್ದೋಳಂಗೆ ಕಾಣ್ತದೆ," ಅಂತ ಪ್ರೀತಿಯಿಂದಲೇ ಹೇಳಿದ. ಅವ್ವ ಕೈ ಆಚೆ ತೆಗೆದು, ಒಂದರ ಮೇಲೊಂದು ಒತ್ತಿ ಹಿಡಿದು ಕೂತಳು. ಶಟರಿನ ವೇಗಕ್ಕೆ ನಡುಕದ ಸುಳಿವೂ ಬರಲಿಲ್ಲ. ಉಗುರು ಸಮೇತ ಎಲ್ಲ ಸ್ಪಷ್ಟ. ಗದ್ದ ಮಾತ್ರ ಮತ್ತೆ ಎದೆಗೆ ಅಂಟಿತ್ತು.

ಎರಡನ್ನೂ ದೊಡ್ಡದು ಮಾಡಿ ತೆಗೆದುಕೊಂಡು ಹೋಗಿ ಅವಳ ಮುಂದೆ ಇಟ್ಟೆ. ಸರಿಯಾದದ್ದನ್ನು ಮೊದಲು ನೋಡಿದಳು. "ಚೆಂದಾಗದೆ," ಅಂದಳು, ನೆಂಟರ ಮನೆಯ ಹುಡುಗಿಯನ್ನು ನೋಡಿದ ಹಾಗೆ. ಇನ್ನೊಂದನ್ನು ಕೈಗೆ ತೆಗೆದುಕೊಂಡಳು. ಕೈಯ ಜೊತೆ ಫೋಟೊನೂ ನಡುಗಿತು. ಬಹಳ ಹೊತ್ತು ನೋಡಿದಳು.

"ಇದ್ನೇ ಆಕು," ಅಂದಳು. "ಇದ್ರಲ್ಲಿ ನಂಗೆ ಕೆಲ್ಸ ಅದೆ."

ಮಾದೇವ ಒಪ್ಪಲಿಲ್ಲ. "ಅಲ್ಲಾಡಿರೋ ಫೋಟೊನ ಯಾರಾರ ಗೋಡೆಗಾಕ್ತರಾ ಅವ್ವ. ನೋಡ್ದೋರು ಭಾವುಂಗೆ ಫೋಟೊ ತೆಗಿಯಾಕೇ ಬರಕಿಲ್ಲ ಅಂತಾರೆ," ಅಂದ. ನಮ್ಮವರು ಕೆಮ್ಮಿದರು. ಅಳಿಯನ ಮರ್ಯಾದೆ ಅಂದಮೇಲೆ ಅವ್ವನ ಬಾಯಿ ಕಟ್ಟಿದ ಹಾಗೆ. ನನ್ನ ಕಡೆ ಒಂದು ಸಲ ನೋಡಿ ಒಳಗೆ ಹೋದಳು.

ಅವಳು ಹೋದದ್ದು ಅದಾದ ಎರಡು ವರ್ಷಕ್ಕೆ, ಸೊಪ್ಪಿನ ಕೆಲಸವೆಲ್ಲ ಮುಗಿದು ಬ್ಯಾರನ್ನುಗಳು ತಣ್ಣಗಾದ ಮೇಲೆ. ಹನ್ನೊಂದನೆಯ ದಿನಕ್ಕೆ ಮಾದೇವ ಗೋಡೆಗೆ ಹಾಕಿದ್ದು ಸರಿಯಾದ ಫೋಟೊವನ್ನೇ. ನನಗೆ ಮೈಯೆಲ್ಲ ಉರಿಯಿತು. ನೆಂಟರೆಲ್ಲ ಕೂತಿದ್ದಾರೆ ಅಂತ ನೋಡದೆ, "ಅವ್ವ ಬಾಯಿ ಬಿಟ್ಟು ಕೇಳಿದ್ದು ಒಂದೇ ಒಂದು, ಅದನ್ನೂ ಮಾಡಕ್ಕಾಗ್ಲಿಲ್ವೇನೋ ನಿಂಗೆ?" ಅಂತ ಕೂಗಾಡಿದೆ. "ಜನ ಏನಂತಾರಕ್ಕ," ಅಂದ ಅವನು, ನೆಲ ನೋಡುತ್ತಾ. ನಮ್ಮವರು ನನ್ನ ತೋಳು ಹಿಡಿದು ಆಚೆ ಕರೆದುಕೊಂಡು ಹೋದರು. ಆಮೇಲೆ ತವರಿಗೆ ಹೋಗುವುದು ನಿಂತಿತು ಅಂತೇನಿಲ್ಲ, ಗೌರಿ ಹಬ್ಬಕ್ಕೆ ಹೋಗುತ್ತೇನೆ, ಬಾಗಿನ ತರುತ್ತೇನೆ. ಆ ಗೋಡೆಗೆ ಬೆನ್ನು ಹಾಕಿ ಕೂತು ಊಟ ಮಾಡಿ ಬರುತ್ತೇನೆ.

ಇಷ್ಟು ನೆನೆಸಿಕೊಳ್ಳುವ ಹೊತ್ತಿಗೆ ಇವತ್ತು ಮಧ್ಯಾಹ್ನವಾಗಿತ್ತು. ಕೆಳಗೆ ಬೈಕ್ ನಿಂತ ಸದ್ದಾಯಿತು. ಬಗ್ಗಿ ನೋಡಿದರೆ ಮಾದೇವ. ಸೊಪ್ಪಿನ ಸಮಯದಲ್ಲಿ ಅವನು ಹೊಲ ಬಿಟ್ಟು ಹುಣಸೂರಿಗೆ ಬಂದವನಲ್ಲ. ಏನಾಯಿತೋ ಅಂತ ದಡಬಡ ಇಳಿದು ಬಂದೆ. ಅಂಗೈಗೆ ಸೊಪ್ಪಿನ ಅಂಟು ಹಿಡಿದು ಕಪ್ಪಾಗಿತ್ತು. ನೀರು ಕೊಟ್ಟೆ, ಕುಡಿದ. ಕುರ್ಚಿ ಇದ್ದರೂ ಹೊಸ್ತಿಲ ಮೇಲೆ ಕೂತ.

"ಆ ಫೋಟೊ ಅದಾ ಅಕ್ಕ? ಆ ಅಲ್ಲಾಡಿರೋದು?"

ನಾನು ಅವನ ಕೈಯಿಂದ ಖಾಲಿ ಲೋಟ ತೆಗೆದುಕೊಂಡೆ.

"ನೆನ್ನೆ ಬ್ಯಾರನ್ ತುಂಬ್ತಾ ಇದ್ದೋ," ಅಂದ. "ಪುಟ್ಟತಾಯಮ್ಮ ನೀರ್ ಕುಡಿಯಾಕೆ ಅಂತ ಒಳೀಕ್ ಬಂದ್ಲು. ಅವ್ವನ್ ಫೋಟೊ ಮುಂದ್ ನಿಂತ್ಕಂಡು, 'ನಿಂಗಮ್ಮುನ್ನ ಇಂಗ್ ಸುಮ್ಗೆ ಕೂರ್ಸ್‌ಬುಟ್ರಲ್ಲಪ್ಪ' ಅಂದ್ಲು. ಬಯ್ಲಿಲ್ಲ ಅಕ್ಕ. ಸುಮ್ಗೆ ಅಂದ್ಲು, ಅಂದ್ಬುಟ್ಟು ಓಗಿ ಕಟ್ತಾ ಕೂತ್ಲು." ಅಂಗೈಯ ಅಂಟನ್ನು ಉಜ್ಜಿಕೊಂಡ. "ಕೂರ್ಸಿದ್ದು ನಾನೇ ಅಲ್ವಾ."

"ನೀನೇನು ಬೇಕು ಅಂತ ಮಾಡಿದ್ಯಾ ಬಿಡು," ಅಂದೆ. ನಾನು ಅದನ್ನು ಹೇಳುತ್ತೇನೆ ಅಂತ ನನಗೇ ಗೊತ್ತಿರಲಿಲ್ಲ. ಇಷ್ಟು ವರ್ಷ ಕಟ್ಟಿಕೊಂಡಿದ್ದ ಸಿಟ್ಟು ಎಲ್ಲಿ ಹೋಯಿತೋ. ಹೊಸ್ತಿಲ ಮೇಲೆ ಕೂತಿದ್ದವನ ತಲೆ ಅರ್ಧ ಬೆಳ್ಳಗಾಗಿತ್ತು, ನಾನು ಅದನ್ನೂ ನೋಡಿರಲಿಲ್ಲ.

"ಮನೆಗಲ್ಲ," ಅಂದ ಅವನು. "ಚಪ್ಪರದ ಕಂಬಕ್ಕೆ ತಗಲಾಕ್ತೀನಿ. ಎಂಗುಸ್ರೆಲ್ಲ ಅಲ್ಲೇ ಕೂತ್ಕಂಡು ಮಾತಾಡ್ತಿರ್ತಾರೆ."

ನಮ್ಮವರು ಒಳಗಿನಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಎದ್ದು ಹೋಗಿ ಪ್ರಿಂಟರ್ ಹಾಕಿದರು. ಫ್ರೇಮು ಕಟ್ಟಿಸಲು ಎರಡು ದಿನ ಆಗುತ್ತೆ ಕಣೋ, ನಿಧಾನವಾಗಿ ಬುಧವಾರ ಬಾ, ಅಂದೆ ನಾನು.

ಮಾದೇವ ಆಗಲೇ ಎದ್ದು ನಿಂತಿದ್ದ.

"ಬುದ್ವಾರಕ್ಕಾಗಕಿಲ್ಲ ಅಕ್ಕ. ನಾಳೀಕೆ ಸೊಪ್ಪು ಮುರೀತೀವಿ, ಕಟ್ಟಾಕೆ ಜನ ಸಾಲ್ದು," ಅಂದ. "ಅವ್ವ ಬೆಳಿಗ್ಗೆನೇ ಬೇಕು."